ಆಟೋಮ್ಯಾಟಿಕ್ ಕಾರು ಜರ್ಕ್ ಹೊಡೆದರೆ: ಗೇರ್‌ಬಾಕ್ಸ್ ಇಳಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನನ್ನದು ಆರು ಗೇರಿನ ಆಟೋಮ್ಯಾಟಿಕ್ ಪೆಟ್ರೋಲ್ ಕಾರು. ಟಾರ್ಕ್ ಕನ್ವರ್ಟರ್ ಇರುವ ಮಾದರಿ. 9 ವರ್ಷ ಆಗಿದೆ, 1,10,000 ಕಿ.ಮೀ. ಓಡಿದೆ. ಈಚೆಗೆ 60–70 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರೆ ಗಾಡಿ ನಡುಗುತ್ತದೆ. ಬೆಳಗ್ಗೆ ಗಾಡಿ ತಣ್ಣಗಿದ್ದಾಗ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಜರ್ಕ್ ಹೊಡೆಯುತ್ತದೆ. 'ಪಿ'ಯಿಂದ 'ಡಿ'ಗೆ ಹಾಕಿದರೆ ಧಡ್ ಅನ್ನುತ್ತದೆ. ಚೆಕ್ ಎಂಜಿನ್ ದೀಪ ಒಮ್ಮೊಮ್ಮೆ ಹತ್ತಿ, ಕೆಲವು ದಿನ ಬಿಟ್ಟು ತಾನೇ ಆರುತ್ತದೆ. ಗೇರ್‌ಬಾಕ್ಸ್ ಆಯಿಲ್ ಇದುವರೆಗೆ ಬದಲಿಸಿಲ್ಲ. ಒಬ್ಬ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ ಓವರ್‌ಹಾಲ್ ಮಾಡಬೇಕು ಅನ್ನುತ್ತಾರೆ. ಇನ್ನೊಬ್ಬರು ಸ್ಪಾರ್ಕ್ ಪ್ಲಗ್ ಹಾಕಿದರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ನೀವು ಹೇಳಿರುವುದು ಒಂದು ತೊಂದರೆ ಅಲ್ಲ, ಮೂರು. ಓಡುವಾಗ ನಡುಕ, ತಣ್ಣಗಿದ್ದಾಗ ಜರ್ಕ್, 'ಡಿ'ಗೆ ಹಾಕಿದಾಗ ಹೊಡೆತ. ಮೂರೂ ಒಂದೇ ಕಾಲಕ್ಕೆ ಶುರುವಾಗಿರುವುದರಿಂದ ಮೂರಕ್ಕೂ ಒಂದೇ ಕಾರಣ ಅನ್ನಿಸುವುದು ಸಹಜ. ಆದರೆ ಇಷ್ಟು ಓಡಿದ ಗಾಡಿಯಲ್ಲಿ ಪ್ಲಗ್, ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಮೌಂಟಿಂಗ್, ಆಯಿಲ್ ಎಲ್ಲದಕ್ಕೂ ಸರಿಸುಮಾರು ಒಂದೇ ಹೊತ್ತಿಗೆ ವಯಸ್ಸಾಗಿರುತ್ತದೆ. ಹಾಗಾಗಿ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು. ಎಲ್ಲವನ್ನೂ ಸೇರಿಸಿ 'ಗೇರ್‌ಬಾಕ್ಸ್ ಹೋಗಿದೆ' ಅಂದುಬಿಟ್ಟರೆ ಓವರ್‌ಹಾಲ್ ಆದ ಮೇಲೂ ನಡುಕ ಹಾಗೇ ಉಳಿಯಬಹುದು.

ಮೊದಲ ಕೆಲಸ, ಗಾಡಿಯ ಕಂಪ್ಯೂಟರ್ ದಾಖಲಿಸಿಟ್ಟ ತೊಂದರೆಯ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ದೀಪ ಆರಿಹೋಗಿದ್ದರೂ ಕೋಡ್ ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಕೆಲಕಾಲ ಉಳಿದಿರುತ್ತದೆ. ಅದನ್ನು ಬರೆದುಕೊಳ್ಳುವ ಮೊದಲು ಯಾರಿಗೂ ಅಳಿಸಲು ಬಿಡಬೇಡಿ. ಬ್ಯಾಟರಿ ವೈರ್ ಕೂಡ ಬಿಚ್ಚಬೇಡಿ, ಎಷ್ಟೋ ಗಾಡಿಗಳಲ್ಲಿ ಅದರಿಂದಲೇ ಕೋಡ್ ಅಳಿಸಿಹೋಗುತ್ತದೆ. ಕೋಡಿನ ಜೊತೆ 'ಫ್ರೀಜ್ ಫ್ರೇಮ್' ಅಂತ ಒಂದು ದಾಖಲೆ ಇರುತ್ತದೆ. ತೊಂದರೆ ಆದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ಲೋಡ್ ಇತ್ತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಅದನ್ನೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಪಿ0300 ಅಥವಾ ಪಿ0301ರಿಂದ ಮುಂದಿನ ನಂಬರ್ ಬಂದರೆ ಅದು ಎಂಜಿನ್ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪಿ0301ರಿಂದ ಮುಂದಿನವುಗಳಲ್ಲಿ ಕೊನೆಯ ಅಂಕಿ ಯಾವ ಸಿಲಿಂಡರ್ ಎಂದು ಹೇಳುತ್ತದೆ. ಪಿ0741 ಬಂದರೆ ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ (ಅದೇನೆಂದು ಮುಂದೆ ಹೇಳುತ್ತೇನೆ) ಸರಿಯಾಗಿ ಹಿಡಿಯುತ್ತಿಲ್ಲ. ಪಿ0731ರಿಂದ ಪಿ0736ರವರೆಗಿನವು ಆಯಾ ಗೇರಿನ ಅನುಪಾತ ತಪ್ಪಿದೆ, ಅಂದರೆ ಒಳಗೆ ಎಲ್ಲೋ ಜಾರುತ್ತಿದೆ ಎಂಬ ಸೂಚನೆ. ಪಿ0700 ಒಂದೇ ಕಂಡರೆ ಗಾಬರಿ ಬೇಡ. ಗೇರ್‌ಬಾಕ್ಸಿನ ಕಂಪ್ಯೂಟರ್‌ನಲ್ಲಿ ಬೇರೊಂದು ಕೋಡ್ ಇದೆ, ಅಲ್ಲಿ ಹೋಗಿ ನೋಡಿ ಅಂತಷ್ಟೇ ಅದರ ಅರ್ಥ. ಬರೀ ಎಂಜಿನ್ ಕೋಡ್ ಓದುವ ಸಣ್ಣ ಸ್ಕ್ಯಾನರ್‌ಗೆ ಅದು ಸಿಗದೇ ಇರಬಹುದು. ಗೇರ್‌ಬಾಕ್ಸ್ ಕಂಪ್ಯೂಟರನ್ನೂ ಓದಬಲ್ಲ ಸ್ಕ್ಯಾನರ್ ಇರುವ ಕಡೆಗೇ ಹೋಗಿ.

ಈಗ ನಡುಕದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಮಿಸ್‌ಫೈರ್ ಆದರೂ, ಲಾಕಪ್ ಕ್ಲಚ್ ಜಾರಿದರೂ ಸೀಟಿನಲ್ಲಿ ಕೂತವರಿಗೆ ಹೆಚ್ಚುಕಡಿಮೆ ಒಂದೇ ಥರ ಅನ್ನಿಸುತ್ತದೆ. ಅನುಭವಿ ಮೆಕ್ಯಾನಿಕ್‌ಗಳೂ ಎಡವುವುದು ಇಲ್ಲೇ.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್ ಆಯಿಲಿನ ಹರಿವಿನ ಮೂಲಕ ಬಲ ದಾಟಿಸುತ್ತದೆ. ಹಾಗೆ ದಾಟಿಸುವಾಗ ಸ್ವಲ್ಪ ಬಲ ಬಿಸಿಯಾಗಿ ಪೋಲಾಗುತ್ತದೆ. ಅದನ್ನು ತಪ್ಪಿಸಲು ಗಾಡಿ ಒಂದು ವೇಗಕ್ಕೆ ಬಂದು ನೆಟ್ಟಗೆ ಓಡುವಾಗ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ ಎರಡೂ ಬದಿಯನ್ನು ಕಚ್ಚಿ ಹಿಡಿಯುತ್ತದೆ. ಆ ಕ್ಲಚ್ ಸವೆದಿದ್ದರೆ ಅಥವಾ ಆಯಿಲ್ ಹಳೆಯದಾಗಿ ಗುಣ ಕಳೆದುಕೊಂಡಿದ್ದರೆ ಕ್ಲಚ್ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಇದು ಸೆಕೆಂಡಿಗೆ ಹಲವು ಸಲ ಆಗುವುದರಿಂದ ರಸ್ತೆಗೆ ಅಡ್ಡ ಹಾಕಿರುವ ಸಣ್ಣ ಪಟ್ಟಿಗಳ ಮೇಲೆ ಗಾಡಿ ಓಡಿದ ಹಾಗೆ ಸಮನಾದ ನಡುಕ ಬರುತ್ತದೆ. ಪೆಡಲ್ ಮೆಲ್ಲಗೆ ಒತ್ತಿದಾಗಲೇ ಬರುತ್ತದೆ. ಪೆಡಲ್ ಪೂರ್ತಿ ಬಿಟ್ಟರೆ ನಿಲ್ಲುತ್ತದೆ. ಜೋರಾಗಿ ಒತ್ತಿದರೂ ನಿಲ್ಲುತ್ತದೆ, ಯಾಕಂದ್ರೆ ಆಗ ಕಂಪ್ಯೂಟರ್ ಲಾಕಪ್ ಬಿಡಿಸಿ ಗೇರ್ ಇಳಿಸುತ್ತದೆ.

ಮಿಸ್‌ಫೈರ್ ಸಮನಾಗಿರುವುದಿಲ್ಲ. ಒಂದು ಒದೆತ, ಆಮೇಲೆ ಎರಡು, ಸ್ವಲ್ಪ ಬಿಟ್ಟು ಮತ್ತೊಂದು. ಅದೇ ಗೇರಿನಲ್ಲಿ ಪೆಡಲ್ ಇನ್ನಷ್ಟು ಒತ್ತಿದರೆ ಜಾಸ್ತಿಯಾಗುತ್ತದೆ. ಏರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಕಷ್ಟಪಟ್ಟು ಎಳೆಯುವಾಗ ಹೆಚ್ಚು ಕಾಣಿಸುತ್ತದೆ. ಅಂಥ ಹೊತ್ತಿನಲ್ಲಿ ಚೆಕ್ ಎಂಜಿನ್ ದೀಪ ಮಿನುಗಲು ಶುರುವಾದರೆ ಕೂಡಲೇ ಪೆಡಲ್ ಸಡಿಲಿಸಿ. ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಟ್ಟುಹಾಕುತ್ತಿದೆ ಎಂಬ ಎಚ್ಚರಿಕೆ ಅದು. ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಒಂದು ಕಾಯಿಲ್‌ನಲ್ಲಿ ಮುಗಿಯುವ ಕೆಲಸವನ್ನು ಅಲ್ಲಿಯವರೆಗೆ ಬೆಳೆಸಬಾರದು.

ಹೊತ್ತು ಕೂಡ ಒಂದು ಸುಳಿವು ಕೊಡುತ್ತದೆ. ಬಹಳಷ್ಟು ಗಾಡಿಗಳಲ್ಲಿ ಎಂಜಿನ್ ಮತ್ತು ಆಯಿಲ್ ಒಂದು ಮಟ್ಟಕ್ಕೆ ಬಿಸಿಯಾಗುವವರೆಗೆ ಲಾಕಪ್ ಹಿಡಿಯುವುದೇ ಇಲ್ಲ. ಆದ್ದರಿಂದ ಬೆಳಗ್ಗೆ ಹೊರಟ ಮೊದಲ ಕೆಲವು ಕಿಲೋಮೀಟರ್ ನಡುಕ ಇಲ್ಲದೆ, ಬಿಸಿಯಾದ ಮೇಲೆ ಅದೇ ವೇಗದಲ್ಲಿ ಶುರುವಾದರೆ ಅನುಮಾನ ಲಾಕಪ್ ಮೇಲೆ. ಹೊರಟಾಗಿನಿಂದಲೇ ಇದ್ದರೆ, ಅಥವಾ ಮಳೆ-ತೇವದ ದಿನ ಜಾಸ್ತಿಯಾದರೆ ಮೊದಲು ಪ್ಲಗ್, ಕಾಯಿಲ್ ನೋಡಿ.

ಇನ್ನೊಂದು ಪರೀಕ್ಷೆ ಇದೆ. ಖಾಲಿ, ನೇರ ರಸ್ತೆಯಲ್ಲಿ, ಹಿಂದೆ ಯಾವ ಗಾಡಿಯೂ ಇಲ್ಲದಾಗ ಮಾತ್ರ ಮಾಡಿ. ನಡುಕ ಬರುತ್ತಿರುವಾಗ ಆಕ್ಸಿಲರೇಟರ್ ಹಾಗೇ ಹಿಡಿದು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ದೀಪ ಹತ್ತುವಷ್ಟು ಮಾತ್ರ, ಒಂದೇ ಕ್ಷಣ, ಮುಟ್ಟಿ. ಬ್ರೇಕ್ ಸ್ವಿಚ್‌ನಿಂದ ಸೂಚನೆ ಬಂದರೆ ಲಾಕಪ್ ಬಿಡುತ್ತದೆ. ಆರ್‌ಪಿಎಂ ಮುಳ್ಳು ಸ್ವಲ್ಪ ಮೇಲೇರಿ ಆ ಕ್ಷಣವೇ ನಡುಕ ನಿಂತರೆ ಲಾಕಪ್ ಕಡೆಗೇ ಬೆರಳು ತೋರಿಸುತ್ತದೆ. ನಡುಕ ಹಾಗೇ ಇದ್ದರೆ ಎಂಜಿನ್ ನೋಡಿ. ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಎಂಜಿನ್ ಬಲವನ್ನೇ ಕಡಿತ ಮಾಡುವ ಗಾಡಿಗಳೂ ಇವೆ. ಆಗ ಮುಳ್ಳು ಏರುವ ಬದಲು ಬೀಳುತ್ತದೆ, ಗಾಡಿ ಸೊರಗಿದ ಹಾಗೆ ಅನ್ನಿಸುತ್ತದೆ. ಅಂಥ ಗಾಡಿಯಲ್ಲಿ ಈ ಪರೀಕ್ಷೆಯನ್ನು ನಂಬಬೇಡಿ. ಎಡಗಾಲಿನಲ್ಲಿ ಬ್ರೇಕ್ ಮುಟ್ಟಿ ಅಭ್ಯಾಸವಿಲ್ಲದಿದ್ದರೂ ಇದನ್ನು ಬಿಟ್ಟುಬಿಡಿ. ಸ್ಕ್ಯಾನರ್ ಹಾಕಿಕೊಂಡು ಓಡಿಸಿ, ಲಾಕಪ್ ಹಿಡಿದಿದೆ ಎಂದು ತೋರಿಸುವಾಗ ಎಂಜಿನ್ ಆರ್‌ಪಿಎಂ ಮತ್ತು ಗೇರ್‌ಬಾಕ್ಸ್ ಇನ್‌ಪುಟ್ ಆರ್‌ಪಿಎಂ ಎರಡನ್ನೂ ಹೋಲಿಸಿ ನೋಡಿದರೆ ಇನ್ನೂ ಖಚಿತ ಉತ್ತರ ಸಿಗುತ್ತದೆ. ಪೂರ್ತಿ ಹಿಡಿದಾಗ ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು. ನಡುಕದ ಹೊತ್ತಿಗೆ ಅವುಗಳ ಅಂತರ ಏರಿಳಿಯುತ್ತಿದ್ದರೆ ಕ್ಲಚ್ ಜಾರುತ್ತಿದೆ.

ಎಂಜಿನ್ ಕಡೆಯ ಕೆಲಸಕ್ಕೆ ಬರೋಣ. ಪ್ಲಗ್ ಹಾಕಿದರೆ ಸಾಕು ಅಂದವರ ಮಾತು ಅರ್ಧ ಸರಿ. ಸಾಮಾನ್ಯ ನಿಕಲ್ ಪ್ಲಗ್ ಬಾಳಿಕೆ ಸುಮಾರು 30,000–40,000 ಕಿ.ಮೀ., ಇರಿಡಿಯಂ ಪ್ಲಗ್‌ಗೆ ಹೆಚ್ಚಿನ ಗಾಡಿಗಳಲ್ಲಿ ಸುಮಾರು 1,00,000 ಕಿ.ಮೀ. ಎಂಬ ಲೆಕ್ಕ. ಒಮ್ಮೆಯೂ ಬದಲಿಸಿಲ್ಲ ಅಂದರೆ ಯಾವ ಲೆಕ್ಕದಲ್ಲೂ ನಿಮ್ಮ ಗಾಡಿಗೆ ಅವಧಿ ಮುಗಿದಿದೆ. ಹೇಗಿದ್ದರೂ ಬದಲಿಸಿ. ಹಳೆಯ ಪ್ಲಗ್‌ಗಳನ್ನು ಯಾವ ಸಿಲಿಂಡರಿನದು ಎಂಬ ಕ್ರಮದಲ್ಲೇ ಜೋಡಿಸಿಟ್ಟು ಬೆಳಕಿನಲ್ಲಿ ನೋಡಿ. ಬಿಳಿ ಪಿಂಗಾಣಿ ಭಾಗದ ಮೇಲೆ ಉದ್ದಕ್ಕೆ ಪೆನ್ಸಿಲಿನಿಂದ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಕಿಡಿ ತುದಿಗೆ ಹೋಗದೆ ಪಕ್ಕದಿಂದ ಸೋರಿದೆ. ಅಂಥ ಕಡೆ ಕಾಯಿಲ್‌ನ ರಬ್ಬರ್ ಬೂಟ್ ಕೂಡ ಬದಲಿಸಬೇಕು. ಇಲ್ಲದಿದ್ದರೆ ಹೊಸ ಪ್ಲಗ್ ಮೇಲೂ ಅದೇ ಗೆರೆ ಬರುತ್ತದೆ. ಕಾಯಿಲ್ ಮೇಲೆ ಅನುಮಾನ ಇದ್ದರೆ ಸುಮ್ನೆ ಎಲ್ಲ ಕಾಯಿಲ್ ಕೊಳ್ಳಬೇಡಿ. ಕೋಡ್ ಪಿ0302 ಅಂತಿದ್ದರೆ ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ ಕೆಟ್ಟಿದೆ. ಎರಡರಲ್ಲೇ ಉಳಿದರೆ ಕಾಯಿಲ್ ಚೆನ್ನಾಗಿದೆ, ಪ್ಲಗ್ ಅಥವಾ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕಡೆ ಹುಡುಕಿ.

ಏರ್ ಫಿಲ್ಟರ್, ಒಳಬರುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಮೂರನ್ನೂ ಇದೇ ಸಲ ನೋಡಿಸಿ. ಇವು ಎಂಜಿನ್ನಿನ ಭಾಗಗಳಾದರೂ ಗೇರ್ ಬದಲಾಗುವುದಕ್ಕೂ ಇವಕ್ಕೂ ನೇರ ಸಂಬಂಧ ಇದೆ. ಯಾವಾಗ ಗೇರ್ ಬದಲಿಸಬೇಕು, ಕ್ಲಚ್‌ಗಳನ್ನು ಎಷ್ಟು ಒತ್ತಡದಲ್ಲಿ ಹಿಡಿಯಬೇಕು ಎಂಬುದನ್ನು ಗೇರ್‌ಬಾಕ್ಸ್ ಕಂಪ್ಯೂಟರ್ ಎಂಜಿನ್ ಕೊಡುವ ಲೋಡ್ ಲೆಕ್ಕದ ಮೇಲೆ ತೀರ್ಮಾನಿಸುತ್ತದೆ. ಧೂಳು ಹಿಡಿದ ಸೆನ್ಸರ್ ಗಾಳಿ ಕಡಿಮೆ ಬರುತ್ತಿದೆ ಅಂತ ತಪ್ಪು ಹೇಳಿದರೆ ಬೇಕಾದಷ್ಟು ಒತ್ತಡ ಬರುವುದಿಲ್ಲ, ಕ್ಲಚ್ ಜಾರುತ್ತದೆ. ಎಂಜಿನ್ ತಪ್ಪಿಗೆ ಗೇರ್‌ಬಾಕ್ಸ್ ಬೈಸಿಕೊಳ್ಳುವುದು ಹೀಗೆ. ಈ ಸೆನ್ಸರನ್ನು ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ಮಾತ್ರ ತೊಳೆಯಬೇಕು. ಬಟ್ಟೆಯಿಂದ ಒರೆಸಬಾರದು, ಅದರ ತಂತಿ ಕೂದಲಿನಷ್ಟು ಸಣ್ಣದು.

ಇನ್ನು ಆಯಿಲ್. 1,10,000 ಕಿ.ಮೀ.ವರೆಗೆ ಬದಲಿಸಿಲ್ಲ ಅನ್ನುವುದು ನನಗೆ ನಿಜವಾಗಿ ಚಿಂತೆ ತಂದಿದೆ. ಕೈಪಿಡಿಯಲ್ಲಿ 'ಜೀವನಪೂರ್ತಿ ಸಾಕು' ಅಂತ ಬರೆದಿದ್ದರೂ ನಾನು ಅದನ್ನು ಒಪ್ಪುವುದಿಲ್ಲ. ಹಲವು ಕಂಪನಿಗಳ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿ ತನ್ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ 8 ವರ್ಷಕ್ಕೆ ಆಯಿಲ್ ಬದಲಿಸಿ ಎಂದು ತಾನೇ ಸಲಹೆ ಕೊಡುತ್ತದೆ. ಈ ಆಯಿಲ್ ಬರೀ ಸವೆತ ತಡೆಯುವುದಿಲ್ಲ. ಒತ್ತಡ ಕೊಟ್ಟು ಕ್ಲಚ್ ಹಿಡಿಸುವುದು, ಬಿಸಿ ಹೊರಗೆ ಸಾಗಿಸುವುದು, ಕ್ಲಚ್ ಹಿತವಾಗಿ ಹಿಡಿಯುವಷ್ಟು ಘರ್ಷಣೆ ಉಳಿಸುವುದು ಎಲ್ಲ ಇದರದೇ ಕೆಲಸ. ಆ ಕೊನೆಯ ಗುಣ ಹೋದಾಗ ಶುರುವಾಗುವುದೇ ಲಾಕಪ್ ನಡುಕ. ಕ್ಲಚ್ ಪೂರ್ತಿ ಸವೆದಿಲ್ಲದಿದ್ದರೆ ಬರೀ ಆಯಿಲ್ ಬದಲಿಸಿ ನಡುಕ ಹೋದ ಗಾಡಿಗಳು ಬೇಕಾದಷ್ಟಿವೆ.

ಆಯಿಲ್ ಇಳಿಸುವಾಗ ನೀವು ಅಲ್ಲೇ ಇರಿ. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಹಾಕಿಸಿ ನೋಡಿ. ಹೊಸದರಲ್ಲಿ ಸಾಮಾನ್ಯವಾಗಿ ಕೆಂಪಗಿರುವ ಆಯಿಲ್ ಕಂದು ಬಣ್ಣಕ್ಕೆ ತಿರುಗಿರುವುದು ಈ ವಯಸ್ಸಿಗೆ ಸಹಜ. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟ್‌ಗಳು ಬೆಂದಿವೆ. ಹಾಲು ಬೆರೆಸಿದಂಥ ಗುಲಾಬಿ ಬಣ್ಣ ಇದ್ದರೆ ಕೂಲೆಂಟ್ ಒಳಗೆ ಸೇರಿದೆ, ಗಾಡಿ ಮತ್ತೆ ಸ್ಟಾರ್ಟ್ ಮಾಡಬೇಡಿ. ಪ್ಯಾನ್ ಬಿಚ್ಚಿದರೆ ತಳದಲ್ಲಿ ಸಣ್ಣ ಅಯಸ್ಕಾಂತಗಳು ಕಾಣುತ್ತವೆ. ಅವುಗಳ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದೇ ಇರುತ್ತದೆ. ಎರಡು ಬೆರಳಿನ ನಡುವೆ ಉಜ್ಜಿ ನೋಡಿ. ನುಣ್ಣಗೆ ಜಾರಿದರೆ ಪರವಾಗಿಲ್ಲ. ಚುಚ್ಚುವಂಥ ಹೊಳೆಯುವ ಚೂರುಗಳು ಸಿಕ್ಕರೆ ಒಳಗಿನ ಲೋಹದ ಭಾಗವೇ ಸವೆಯುತ್ತಿದೆ. ಓವರ್‌ಹಾಲ್ ಮಾತು ಬರಬೇಕಾದ್ದು ಆಗ.

ಆಯಿಲ್ ಮಟ್ಟ ನೋಡುವ ರೀತಿಯಲ್ಲೇ ತಪ್ಪಾಗುವುದು ಜಾಸ್ತಿ. ನಿಮ್ಮಂಥ ಗಾಡಿಗಳಲ್ಲಿ ಬಹುಪಾಲು ಡಿಪ್‌ಸ್ಟಿಕ್ ಇರುವುದಿಲ್ಲ. ಗಾಡಿಯನ್ನು ಸಮನಾಗಿ ಎತ್ತಿ, ಎಂಜಿನ್ ಓಡುತ್ತಿರುವಾಗ, ಆಯಿಲ್ ಕಂಪನಿ ಹೇಳಿದ ಉಷ್ಣತೆಗೆ ಬಂದಾಗ ಲೆವೆಲ್ ಪ್ಲಗ್ ಬಿಚ್ಚಿ ನೋಡಬೇಕು. ಎಷ್ಟೋ ಮಾದರಿಗಳಲ್ಲಿ ಅದು 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆಯಿಲ್ ಬಿಸಿಯಾದರೆ ಹಿಗ್ಗುತ್ತದೆ. ಜಾಸ್ತಿ ಬಿಸಿ ಇರುವಾಗ ನೋಡಿದರೆ ಹೆಚ್ಚಾಗಿದೆ ಅಂತ ಹೊರಗೆ ಬಿಟ್ಟುಬಿಡುತ್ತಾರೆ, ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಕಡಿಮೆ ಆದರೆ ಗೇರ್ ತಡವಾಗಿ ಹಿಡಿಯುತ್ತದೆ, ಜಾರುತ್ತದೆ. ತೀರಾ ಜಾಸ್ತಿಯಾದರೆ ನೊರೆ ಬಂದು ಅದೇ ತೊಂದರೆ. ಸ್ಕ್ಯಾನರ್‌ನಲ್ಲಿ ಆಯಿಲ್ ಉಷ್ಣತೆ ನೋಡದೆ ಪ್ಲಗ್ ಬಿಚ್ಚುವವರ ಕೈಗೆ ಗಾಡಿ ಕೊಡಬೇಡಿ. ಆಯಿಲ್ ಕೂಡ ಕೈಪಿಡಿಯಲ್ಲಿ ಹೇಳಿರುವ ಸ್ಪೆಸಿಫಿಕೇಶನ್‌ನದೇ ಆಗಿರಬೇಕು. 'ಎಲ್ಲ ಗಾಡಿಗೂ ಆಗುತ್ತದೆ' ಅನ್ನುವ ಡಬ್ಬಿ ಬೇಡ.

ಒಮ್ಮೆ ಇಳಿಸಿದರೆ ಹಳೆಯ ಆಯಿಲ್ ಪೂರ್ತಿ ಬರುವುದಿಲ್ಲ, ಕನ್ವರ್ಟರ್ ಒಳಗೆ ತುಂಬಾ ಉಳಿದಿರುತ್ತದೆ. ಮೆಷಿನ್ ಹಚ್ಚಿ ಒತ್ತಡದಿಂದ ಫ್ಲಶ್ ಮಾಡಿಸುವುದಕ್ಕಿಂತ, ಫಿಲ್ಟರ್ ಬದಲಿಸಿ, ಇಳಿಸಿ ತುಂಬಿ, ಸ್ವಲ್ಪ ಓಡಿಸಿ ಮತ್ತೊಮ್ಮೆ ಇಳಿಸಿ ತುಂಬುವುದು ನನಗೆ ಸರಿ ಅನ್ನಿಸುತ್ತದೆ. 'ಹಳೆ ಗಾಡಿಗೆ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಕೆಡುತ್ತದೆ' ಅಂತ ನಿಮಗೆ ಯಾರಾದರೂ ಹೆದರಿಸಬಹುದು. ಮೊದಲೇ ಕ್ಲಚ್ ಬೆಂದು ಜಾರುತ್ತಿರುವ ಗೇರ್‌ಬಾಕ್ಸನ್ನು ಹೊಸ ಆಯಿಲ್ ಉಳಿಸಲಾರದು, ಅಷ್ಟು ನಿಜ. ಆದರೆ ಚೆನ್ನಾಗಿರುವುದನ್ನು ಸರಿಯಾದ ಆಯಿಲ್ ಕೆಡಿಸುವುದಿಲ್ಲ.

ಬೆಳಗಿನ ಜರ್ಕ್ ಬಗ್ಗೆ ಒಂದು ವಿವರ ನೀವು ಬರೆದಿಲ್ಲ. ಎರಡರಿಂದ ಮೂರಕ್ಕೆ ಹೋಗುವಾಗ ಆರ್‌ಪಿಎಂ ಮುಳ್ಳನ್ನು ನೋಡಿ. ಮುಳ್ಳು ಒಮ್ಮೆ ಮೇಲಕ್ಕೆ ಹಾರಿ, ಆಮೇಲೆ ಜರ್ಕ್ ಹೊಡೆದರೆ ಎರಡನೇ ಗೇರ್ ಬಿಟ್ಟಿದೆ, ಮೂರನೆಯದು ತಡವಾಗಿ ಹಿಡಿಯುತ್ತಿದೆ. ಆಯಿಲ್ ಕಡಿಮೆ ಇರಬಹುದು, ಸೀಲ್ ಗಟ್ಟಿಯಾಗಿರಬಹುದು, ಆಯಿಲಿನ ಹರಿವನ್ನು ನಿಯಂತ್ರಿಸುವ ವಿದ್ಯುತ್ ಕವಾಟ, ಅಂದರೆ ಸೊಲೆನಾಯ್ಡ್ ಅಂಟಿಕೊಂಡಿರಬಹುದು, ಅಥವಾ ಕ್ಲಚ್ ಸವೆದಿರಬಹುದು. ಮುಳ್ಳು ಹಾರದೆ ನೇರವಾಗಿ ಬಿದ್ದು ಜರ್ಕ್ ಮಾತ್ರ ಬಂದರೆ ಅದು ಅಷ್ಟು ಗಂಭೀರ ಅಲ್ಲ. ಕ್ಲಚ್ ಜೋರಾಗಿ ಹಿಡಿಯುತ್ತಿದೆ, ಜಾರುತ್ತಿಲ್ಲ. ಕಂಪ್ಯೂಟರ್ ವರ್ಷಗಳಿಂದ ಹಳೆಯ ಆಯಿಲಿಗೆ ಹೊಂದಿಕೊಂಡು ಕಲಿತಿಟ್ಟ ಲೆಕ್ಕ ಅದಕ್ಕೆ ಕಾರಣ ಇರಬಹುದು. ಆಯಿಲ್ ಬದಲಿಸಿದ ಮೇಲೆ ಸ್ಕ್ಯಾನರ್‌ನಿಂದ ಆ ಹಳೆ ಲೆಕ್ಕ ಅಳಿಸಿ, ಕಂಪನಿ ಹೇಳಿದ ಕ್ರಮದಲ್ಲಿ ಹೊಸದಾಗಿ ಕಲಿಸಬೇಕು. ಬ್ಯಾಟರಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ವೋಲ್ಟೇಜ್ ಕುಸಿದರೆ ಕಂಪ್ಯೂಟರ್, ಸೊಲೆನಾಯ್ಡ್ ಎರಡೂ ವಿಚಿತ್ರವಾಗಿ ಆಡುತ್ತವೆ.

'ಡಿ'ಗೆ ಹಾಕಿದಾಗಿನ ಧಡ್ ಮೂರರಲ್ಲಿ ಸುಲಭದ್ದು. ತಣ್ಣಗಿನ ಎಂಜಿನ್ ಮೊದಲ ಸ್ವಲ್ಪ ಹೊತ್ತು ಜಾಸ್ತಿ ಆರ್‌ಪಿಎಂನಲ್ಲಿ ಓಡುತ್ತದೆ, ಆಗಲೇ 'ಡಿ'ಗೆ ಹಾಕಿದರೆ ಹೊಡೆತ ಬಿದ್ದೇ ಬೀಳುತ್ತದೆ. ಮುಳ್ಳು ಇಳಿಯುವವರೆಗೆ ಕಾಯಿರಿ. ಬಿಸಿಯಾದ ಮೇಲೂ ಧಡ್ ಅಂದರೆ ಮೌಂಟಿಂಗ್ ನೋಡಿಸಿ. ಬಾನೆಟ್ ತೆಗೆದು, ಒಬ್ಬರು ಹ್ಯಾಂಡ್‌ಬ್ರೇಕ್ ಹಾಕಿ ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು 'ಡಿ' ಮತ್ತು 'ಆರ್' ನಡುವೆ ಬದಲಿಸಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಗಾಡಿಯ ಎದುರಿಗೆ ಮಾತ್ರ ಯಾರೂ ನಿಲ್ಲಬಾರದು. ಎಂಜಿನ್ ಸ್ವಲ್ಪ ವಾಲುವುದು ಸಹಜ, ಎಗರಿ ಬಡಿದರೆ ರಬ್ಬರ್ ಹರಿದಿದೆ.

ಇದೆಲ್ಲ ಟಾರ್ಕ್ ಕನ್ವರ್ಟರ್ ಗಾಡಿಯ ಮಾತು. ಎಎಂಟಿ ಗಾಡಿಯಲ್ಲಿ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸುವ ಮಾದರಿ) ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗುವುದು ಅದರ ಸ್ವಭಾವ, ದೋಷ ಅಲ್ಲ. ಬೆಲ್ಟ್ ಮೂಲಕ ಬಲ ದಾಟಿಸುವ ಸಿವಿಟಿಯಲ್ಲಿ ಗೇರುಗಳೇ ಇಲ್ಲದ್ದರಿಂದ ಪೆಡಲ್ ಒತ್ತಿದಾಗ ಆರ್‌ಪಿಎಂ ಮೊದಲು ಏರಿ ವೇಗ ಆಮೇಲೆ ಬರುವುದೂ ಹಾಗೆಯೇ. ಅದಕ್ಕೆ ಹಾಕುವ ಆಯಿಲ್ ಕೂಡ ಬೇರೆ.

ನಾನಾದರೆ ಈ ಕ್ರಮದಲ್ಲಿ ಹೋಗುತ್ತೇನೆ: ಕೋಡ್ ಓದಿಸಿ, ಪ್ಲಗ್ ಬದಲಿಸಿ, ಸೆನ್ಸರ್ ಮತ್ತು ಥ್ರಾಟಲ್ ಬಾಡಿ ಶುಚಿ ಮಾಡಿಸಿ ಒಂದೆರಡು ದಿನ ಓಡಿಸುವುದು. ಆಮೇಲೆ ಮೌಂಟಿಂಗ್, ಆಯಿಲ್ ಮತ್ತು ಫಿಲ್ಟರ್. ಎಲ್ಲವನ್ನೂ ಒಂದೇ ದಿನ ಮಾಡಿಸಿದರೆ ಯಾವುದರಿಂದ ಯಾವ ತೊಂದರೆ ಹೋಯಿತು ಅಂತ ಗೊತ್ತಾಗುವುದಿಲ್ಲ. ಇಷ್ಟಾದ ಮೇಲೂ ಲಾಕಪ್ ಜಾರುತ್ತಿದ್ದರೆ ಕನ್ವರ್ಟರ್ ಬದಲಿಸಬೇಕಾಗುತ್ತದೆ, ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಸೊಲೆನಾಯ್ಡ್ ಅಥವಾ ಆಯಿಲನ್ನು ಆಯಾ ಕ್ಲಚ್‌ಗೆ ಹಂಚುವ ವಾಲ್ವ್ ಬಾಡಿ ತೊಂದರೆ ಆದರೆ ಹಲವು ಮಾದರಿಗಳಲ್ಲಿ ಗೇರ್‌ಬಾಕ್ಸ್ ಇಳಿಸದೆ ಕೆಳಗಿನಿಂದಲೇ ಕೆಲಸ ಮುಗಿಯುತ್ತದೆ. ಓವರ್‌ಹಾಲ್ ಬೇಕು ಅನ್ನುವವರನ್ನು ಯಾವ ಗೇರ್ ಜಾರುತ್ತಿದೆ, ಒತ್ತಡ ಅಳೆದಿರಾ, ಪ್ಯಾನಿನಲ್ಲಿ ಏನು ಸಿಕ್ಕಿತು ಅಂತ ಕೇಳಿ. ಉತ್ತರ ಕೊಟ್ಟು, ತೋರಿಸುವವರನ್ನು ನಂಬಬಹುದು.

ಅಷ್ಟರೊಳಗೆ ಪೆಡಲ್ ಒತ್ತಿದಾಗ ಎಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ, ಅಥವಾ ಒಂದೇ ಗೇರಿನಲ್ಲಿ ಸಿಕ್ಕಿಕೊಂಡರೆ ಪಕ್ಕಕ್ಕೆ ನಿಲ್ಲಿಸಿ. ಆಫ್ ಮಾಡಿ ಆನ್ ಮಾಡಿದಾಗ ಸರಿಹೋದ ಹಾಗೆ ಕಂಡರೂ ದೂರ ಓಡಿಸಬೇಡಿ. ಎಳೆಸುವುದಾದರೆ ಫ್ಲಾಟ್‌ಬೆಡ್ ಮೇಲೆ ಹತ್ತಿಸಿ. ಗೇರ್‌ಬಾಕ್ಸಿನ ಆಯಿಲ್ ಪಂಪ್ ತಿರುಗುವುದು ಎಂಜಿನ್ ಬಲದಿಂದ. ಎಂಜಿನ್ ನಿಂತಿರುವಾಗ ಎಂಜಿನ್ನಿನ ಬಲ ಹೋಗುವ ಚಕ್ರಗಳನ್ನು ನೆಲದ ಮೇಲೆ ಉರುಳಿಸಿಕೊಂಡು ಹೋದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೆ ತಿರುಗಿ ಸುಡುತ್ತವೆ.